ಬೆರಳು ಮುಚ್ಚಿ ನುಡಿಸಿದ ಟ್ರಂಪೆಟ್

ಸನ್ಮಾನ್ಯ ವಾಚಕ ಮಹಾಶಯರೇ, ನಿರ್ಜೀವ ವಸ್ತುವೊಂದರ ಮಾತನ್ನು ತಾವು ಸಂಶಯದಿಂದಲೇ ಆಲಿಸಬೇಕೆಂದು ಪ್ರಾರಂಭದಲ್ಲಿಯೇ ವಿನಂತಿಸಿಕೊಳ್ಳುತ್ತೇನೆ. ನಾನೂ ತಮ್ಮನ್ನು ಹಾಗೆಯೇ ನೋಡುತ್ತಿದ್ದೇನೆ.

ನಾನು ಒಂದು ಟ್ರಂಪೆಟ್. ಮೀರತ್ತಿನಲ್ಲಿ ಹಿತ್ತಾಳೆಯ ತಗಡಿನಿಂದ ಹುಟ್ಟಿದೆ. ಮೊದಲು ಪೊಲೀಸ್ ಬ್ಯಾಂಡಿನಲ್ಲಿದ್ದೆ. ಎದುರಾದವರನ್ನೆಲ್ಲ ಅನುಮಾನಿಸುವ ಚಟ ನನಗೆ ಅಂಟಿಕೊಂಡದ್ದು ಅಲ್ಲಿಯೇ. ನನ್ನನ್ನು ಹರಾಜಿನಲ್ಲಿ ಕೊಂಡ ಮಂಗಳೂರಿನ ಲಿಗೋರಿ ಪಾಯ್ಸರಿಗೆ ಅದು ಹುಟ್ಟಿನಿಂದಲೇ ಇತ್ತು.

ಅವರದು ಮದುವೆಯ ಔತಣಗಳಲ್ಲಿ ಜಾಝ್ ನುಡಿಸುವ ನಾಲ್ವರ ತಂಡ. ಪಿಯಾನೋಗೆ ಅವರ ಹೆಂಡತಿ ಸೆಲಿನ್, ಡ್ರಮ್ಮಿಗೆ ವಾಮನ ಬಂಗೇರ, ಸ್ಯಾಕ್ಸೋಫೋನಿಗೆ ಗ್ರೇಶಿಯನ್. ಲಿಗೋರಿ ತಾವೇ ಕಟ್ಟಿದ ಒಂದು ಟ್ಯೂನು ತಂಡದ ಹೆಮ್ಮೆಯಾಗಿತ್ತು. ಅದರ ಕೊನೆಯ ಸ್ವರ ಬಹಳ ಎತ್ತರದ್ದು. ಗ್ರೇಶಿಯನ್ ನೋಡಿ ಆ ಟ್ಯೂನನ್ನು ಕದ್ದಾನೆಂಬ ಭಯದಿಂದ ಅವರು ಬೆರಳುಗಳ ಮೇಲೆ ಕರವಸ್ತ್ರ ಹೊದಿಸಿಕೊಂಡು ನನ್ನನ್ನು ನುಡಿಸುತ್ತಿದ್ದರು.

"ಎಂತ ಮಾರಾಯ್ರೆ, ಬೆರಳಿಗೆ ಶೀತವಾ?" ಎಂದು ವಾಮನ ಕೆಣಕುತ್ತಿದ್ದ.

"ನೀನು ಬಡಿ, ಸಾಕು."

ಬರುಬರುತ್ತ ಆ ಕೊನೆಯ ಸ್ವರದಲ್ಲಿ ನನ್ನ ದನಿಯ ಜೊತೆಗೆ ಇನ್ನೊಂದು ದನಿ ಕೇಳಿಸತೊಡಗಿತು. ಗ್ರೇಶಿಯನ್ ನುಸುಳುತ್ತಿದ್ದ! ಅದೇ ಸಮಯಕ್ಕೆ ಗೋವಾದ ಹೋಟೆಲೊಂದರ ಮ್ಯಾನೇಜರರು ತಂಡವನ್ನು ಕೇಳಲು ಬರುವರೆಂಬ ಸುದ್ದಿ ಬಂತು. ಮೆಚ್ಚಿದರೆ ಇಡೀ ಚಳಿಗಾಲ ಅಲ್ಲಿಯೇ ಕೆಲಸ. ಗ್ರೇಶಿಯನ್ನನದು ಟ್ಯೂನು ಕದ್ದು ಒಬ್ಬನೇ ಗೋವಾಕ್ಕೆ ಹಾರುವ ಹುನ್ನಾರವೆಂದು ಲಿಗೋರಿ ನಂಬಿದರು. ನಾನೂ ನಂಬಿದೆ.

"ಇವತ್ತು ಕೊನೆಗೆ ನೀನು ಬಾಯಿ ಹಾಕಬೇಡ," ಎಂದು ಅವರು ಮ್ಯಾನೇಜರರು ಬಂದ ಸಂಜೆ ಮದುವೆಯ ಸಭಾಂಗಣದಲ್ಲಿ ಗ್ರೇಶಿಯನ್ನನಿಗೆ ತಾಕೀತು ಮಾಡಿದರು.

"ಬೇಡವಾ? ನೋಡಿ, ಮತ್ತೆ ನನ್ನನ್ನು ಬೈಯಬಾರದು."

ಮ್ಯಾನೇಜರರು ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಕೊನೆಯ ಸ್ವರ ಬಂತು. ಲಿಗೋರಿಯವರ ತುಟಿ ನನ್ನ ಮೇಲೆ ನಡುಗಿತು, ಮುಂದಿನ ಹಲ್ಲು ಅಲುಗಾಡಿತು. ನನ್ನೊಳಗಿನಿಂದ ಕುಕ್ಕರಿನ ಸೀಟಿ ಕೆಟ್ಟಂತೆ ಬರಿಯ ಗಾಳಿ ಹೊರಟಿತು. ಯಾರೋ ನಕ್ಕರು.

ಸೆಲಿನ್ ಪಿಯಾನೋದಿಂದಲೇ ಬಾಗಿ ಪಿಸುಗುಟ್ಟಿದರು: "ಹಲ್ಲು ಸಡಿಲವಾದ ಮೇಲೆ ನಿಮಗೆ ಆ ಸ್ವರ ಹತ್ತುವುದೇ ಇಲ್ಲ. ಇಷ್ಟು ದಿನ ಕೇಳಿದ್ದು ಅವನದ್ದು. ನಿಮಗೆ ಬೇಜಾರಾಗ್ತದೆ ಅಂತ ಗುಟ್ಟಾಗಿ ನುಡಿಸಲಿಕ್ಕೆ ನಾನೇ ಹೇಳಿದ್ದು."

ಲಿಗೋರಿ ಗ್ರೇಶಿಯನ್ನನತ್ತ ತಿರುಗಿದರು. "ನಾನು ಬೆರಳು ಮುಚ್ಚಿದ್ದೆ. ನೀನು ಕಲಿತದ್ದು ಹೇಗೆ?"

"ನಿಮ್ಮ ಟ್ರಂಪೆಟ್ಟಿಗೆ ಮೂರು ಗುಂಡಿ, ನನ್ನ ಸ್ಯಾಕ್ಸೋಫೋನಿಗೆ ರಾಶಿ ಗುಂಡಿ. ನಿಮ್ಮ ಬೆರಳು ನೋಡಿ ನಾನು ಎಂತ ಮಾಡಲಿ? ಕಿವಿ ಉಂಟಲ್ಲ ನನಗೆ!"

ಲಿಗೋರಿ ಬೆರಳುಗಳ ಮೇಲಿನ ಕರವಸ್ತ್ರವನ್ನು ತೆಗೆದು ಜೇಬಿಗೆ ತುರುಕಿದರು. ಬಳಿಕ, "ಇನ್ನೊಮ್ಮೆ ಸುರು ಮಾಡುವ. ಮೇಲಿನದ್ದು ನೀನೇ ತೆಗೆದುಕೋ, ನಾನು ಕೆಳಗೆ ಇರ್ತೇನೆ," ಎಂದರು.

ನಾನು ಕೆಳಗಿನ ಸ್ವರವನ್ನು ಹಿಡಿದು ನಿಂತೆ. ಆ ಎತ್ತರದ ಸ್ವರ ನನ್ನ ಹೆಗಲೇರಿ ಹೋದಂತೆ ಹೋಯಿತು. ಮ್ಯಾನೇಜರರು ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಈಗ ನನಗೆ ವಯಸ್ಸಾಗಿದೆ, ಮೈಯೆಲ್ಲ ತಗ್ಗುಗಳು. ಗೋವಾಕ್ಕೆ ಹೋಗುವ ಮತ್ತೊಂದು ಚಳಿಗಾಲ ಬಂದಿದೆ. ಊದಿದ ಉಸಿರಿನಿಂದ ನನ್ನೊಳಗೆ ಕಟ್ಟಿದ ನೀರನ್ನು ಹರಿಸಿ, ಒರೆಸಿ, ಪೆಟ್ಟಿಗೆಯಲ್ಲಿ ಮಲಗಿಸಿದ್ದಾರೆ. ಹೊರಗೆ ಗೋವಾದ ರೈಲು ಕೂಗುತ್ತಿದೆ. ಯಾರೋ ಪೆಟ್ಟಿಗೆಯನ್ನು ಎತ್ತಿಕೊಂಡು ಬಿರಬಿರನೆ ನಡೆಯುತ್ತಿದ್ದಾರೆ. ಅದು ಯಾರ ಕೈಯೆಂದು ಒಳಗಿನ ಕತ್ತಲಲ್ಲಿ ತಿಳಿಯುತ್ತಿಲ್ಲ. ತಿಳಿಯಬೇಕೆಂದು ಅನಿಸುತ್ತಲೂ ಇಲ್ಲ.