ನನ್ನನ್ನು ತೊಳೆಯಬೇಡಿ

ನಾನು ಒಂದು ಸ್ಪಂಜು. ಪಾತ್ರೆ ತಿಕ್ಕುವ ಸ್ಪಂಜಲ್ಲ, ಮೀನಿನ ತೊಟ್ಟಿಯೊಳಗೆ ಕೂತು ನೀರು ಸೋಸುವ ಸ್ಪಂಜು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇದು ಗೊತ್ತಿಲ್ಲದ ಜನರ ಕೈಗೆ ಸಿಕ್ಕಿ ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ.

ಯಾವುದೋ ಕಾರ್ಖಾನೆಯಲ್ಲಿ ಕರಿ ಫೋಮಿನ ದೊಡ್ಡ ದಿಂಡಿನಿಂದ ನನ್ನನ್ನು ಗುಂಡಗೆ ಕತ್ತರಿಸಿದರು. ನಡುವೆ ತೂತು ಕೊರೆದು ಪ್ಲಾಸ್ಟಿಕ್ ಕೊಳವೆಗೆ ಸಿಕ್ಕಿಸಿದರು. ಕೊಳವೆಗೆ ಗಾಳಿ ಪಂಪು ಜೋಡಿಸಿದರೆ ಗುಳ್ಳೆಗಳು ಮೇಲೇಳುತ್ತವೆ, ನೀರು ನನ್ನ ಮೈಯೊಳಗಿಂದ ಹರಿದು ಹೋಗುತ್ತದೆ. ಅಷ್ಟೇ ನನ್ನ ಯಂತ್ರ.

ಹುಬ್ಬಳ್ಳಿಯಲ್ಲಿ ಬಣ್ಣದ ಮೀನು ಮಾರುವ ಅಂಗಡಿಯೊಂದರಿಂದ ನನ್ನನ್ನು ಕೊಂಡವನು ಗುರುಸಿದ್ದಪ್ಪ. ಸುಟ್ಟುಹೋದ ಮೋಟರುಗಳಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿ ಅವನದು. ವಯಸ್ಸು ನಲವತ್ತು ದಾಟಿದ ಮೇಲೆ ಎರಡನೇ ಮದುವೆಯಾಗಿದ್ದ. ಹೆಂಡತಿ ಕಸ್ತೂರಿ ಆಸ್ಪತ್ರೆಯಲ್ಲಿ ನರ್ಸು, ಗಂಡ ತೀರಿಹೋಗಿದ್ದವಳು. ಅವಳ ಜೊತೆಗೆ ಮಗಳು ತನುಜಾ ಆ ಮನೆಗೆ ಬಂದಿದ್ದಳು. ನಾಲ್ಕನೇ ಕ್ಲಾಸಿನ ಹುಡುಗಿ.

"ಮನ್ಯಾಗ ಹುಡುಗಿ ಬಂದಾಳ್ರೀ, ಆದ್ರ ಮಾತಾಡಂಗಿಲ್ಲ," ಎಂದು ಅವನು ಅಂಗಡಿಯವನಿಗೆ ಹೇಳಿದ್ದು ನನಗೆ ಕೇಳಿಸಿತು. "ಮೀನು ನೋಡಿದ್ರ ಮಾತಾಡ್ತಾಳೇನೋ."

ಮಾತಾಡಿದಳು. ಅವತ್ತೇ ತೊಟ್ಟಿಗೆ ನೀರು ತುಂಬಿಸಿ, ಅವತ್ತೇ ಮೀನು ಬಿಟ್ಟರು. ತನುಜಾ ಗಾಜಿಗೆ ಮೂಗು ಒತ್ತಿ ನಿಂತು, "ಕಾಕಾ, ಇದು ನನ್ನನ್ನ ನೋಡಾಕತ್ತೈತಿ," ಎಂದಳು. ಗುರುಸಿದ್ದಪ್ಪನ ಮುಖ ಅರಳಿದ್ದನ್ನು ನಾನು ನೀರಿನೊಳಗಿಂದ ನೋಡಿದೆ.

ಆದರೆ ನನ್ನ ಕೆಲಸ ಇನ್ನೂ ಶುರುವಾಗುವಂತಿರಲಿಲ್ಲ. ಮೀನು ತಿಂದು ಬಿಟ್ಟದ್ದು, ವಿಸರ್ಜಿಸಿದ್ದು ಎಲ್ಲ ನೀರಿನಲ್ಲಿ ಕೊಳೆತು ವಿಷವಾಗುತ್ತದೆ. ಆ ವಿಷವನ್ನೇ ಉಂಡು ಬದುಕುವ, ಕಣ್ಣಿಗೆ ಕಾಣದ ಜೀವಗಳಿವೆ. ಅವು ನನ್ನ ತೂತುಗಳಲ್ಲಿ ಬಂದು ನೆಲೆಸಬೇಕು. ಅದಕ್ಕೆ ವಾರಗಟ್ಟಲೆ ಬೇಕು. ಅಲ್ಲಿಯವರೆಗೆ ನಾನು ಬರೀ ಫೋಮು.

ಆ ವಾರವೇ ಮೀನುಗಳು ಒಂದೊಂದಾಗಿ ಮೇಲೆ ತೇಲಿದವು. ಕಸ್ತೂರಿ ಆಸ್ಪತ್ರೆಯಿಂದ ಬಂದವಳೇ ಸೆರಗು ಸಿಕ್ಕಿಸಿದಳು. "ಹೊಲಸು ಆಗೈತಿ, ಅದಕ್ಕ ಸತ್ತಾವು," ಎಂದು ನೀರೆಲ್ಲ ಚೆಲ್ಲಿ, ತಳದ ಹರಳುಗಳನ್ನು ಉಜ್ಜಿ, ನನಗೆ ಸೋಪಿನ ಪುಡಿ ಹಾಕಿ ಹಿಂಡಿ ಹಿಂಡಿ ತೊಳೆದಳು. ಆಗಷ್ಟೇ ಬಂದು ಸೇರತೊಡಗಿದ್ದ ನಾಲ್ಕಾರು ಜೀವಗಳೂ ಮೋರಿಗೆ ಹೋದವು. ಸುಗಂಧ ಸೂಸುತ್ತ ನಾನು ಮತ್ತೆ ತೊಟ್ಟಿಯೊಳಗೆ ಕೂತೆ. ಅವಳ ತಪ್ಪೇನೂ ಇರಲಿಲ್ಲ. ಗಾಯ ತೊಳೆದು ತೊಳೆದು ಜನರನ್ನು ಉಳಿಸಿದ ಕೈ ಅದು. ಆದರೂ ನನಗೆ ಸಿಟ್ಟು ಬಂದದ್ದು ನಿಜ.

ಎರಡನೇ ಸಲ ಮೀನು ತಂದಾಗ ಗುರುಸಿದ್ದಪ್ಪನ ಸರದಿ. ಕೆಟ್ಟದ್ದನ್ನು ಬಿಚ್ಚಿ ಸರಿಮಾಡುವುದು ಅವನ ಕಸುಬು, ಸುಮ್ಮನೆ ಬಿಡುವುದು ಅವನಿಗೆ ಬಾರದು. ದೊಡ್ಡ ಪಂಪು ತಂದ. ನೀಲಿ ಲೈಟು ಹಾಕಿದ. ನೀರಿಗೆ ಯಾವುದೋ ಔಷಧಿ ಸುರಿದು ಹಸಿರು ಮಾಡಿದ. ಸೊರಗಿವೆಯೆಂದು ಮೀನಿನ ಆಹಾರದ ಕಾಳು ಹಾಕಿದ, ತಿನ್ನಲಿಲ್ಲವೆಂದು ಇನ್ನಷ್ಟು ಹಾಕಿದ. ಅದೆಲ್ಲ ತಳದಲ್ಲಿ ಕೊಳೆತು ವಿಷ ಹೆಚ್ಚಿತು. ಆ ಮೀನುಗಳೂ ಹೋದವು. ಮತ್ತೆ ಸೋಪಿನ ಪುಡಿ.

ಆ ದಿನಗಳಲ್ಲೇ ಗುರುಸಿದ್ದಪ್ಪನ ಅಕ್ಕ ನೀಲವ್ವ ಬಂದಳು. ಖಾಲಿ ತೊಟ್ಟಿ ನೋಡಿ, ಚಹಾ ಕುಡಿಯುತ್ತ ತಮ್ಮನಿಗೆ ಹೇಳಿದಳು: "ನಿನ್ನ ಮನ್ಯಾಗ ಮೊದ್ಲ ಹಿಂಗ ಏನರ ಸಾಯ್ತಿತ್ತೇನು? ಕಾಲ್ಗುಣ ಅಂತ ಒಂದು ಇರ್ತೈತಪಾ."

"ಅಕ್ಕಾ, ಸುಮ್ನಿರು," ಎಂದ ಗುರುಸಿದ್ದಪ್ಪ. ಅವನ ದನಿ ಸಣ್ಣದಾಗಿತ್ತು.

ಬಾಗಿಲ ಮರೆಯಲ್ಲಿ ತನುಜಾ ನಿಂತಿದ್ದಳು. ಅವರಿಬ್ಬರಿಗೂ ಕಾಣಲಿಲ್ಲ, ನನಗೆ ಕಂಡಿತು. ಅಂದಿನಿಂದ ಹುಡುಗಿ ತೊಟ್ಟಿಯ ಹತ್ತಿರ ಬರುವುದನ್ನೇ ಬಿಟ್ಟಳು. ಗುರುಸಿದ್ದಪ್ಪ ಹಟಕ್ಕೆ ಬಿದ್ದು ಮೂರನೇ ಸಲ ಗಪ್ಪಿ ಮೀನುಗಳನ್ನು ತಂದು ಕರೆದರೂ ಬರಲಿಲ್ಲ. ದೂರದ ಗೋಡೆಗೆ ಅಂಟಿಕೊಂಡು, "ನಾ ಬಂದ್ರ ಸಾಯ್ತಾವ್ರೀ, ಕಾಕಾ. ನೀವ ನೋಡ್ರಿ," ಎಂದಳು.

ಅಯ್ಯೋ, ನನಗೆ ಬಾಯಿಲ್ಲ! ಇದ್ದಿದ್ದರೆ ಆ ಮನೆಯ ಗಾಜುಗಳೆಲ್ಲ ಅದುರುವಂತೆ ಕೂಗುತ್ತಿದ್ದೆ. ನಿನ್ನ ಕಾಲಿನಿಂದಲ್ಲ ಮಗಳೇ, ಈ ಇಬ್ಬರ ಕೈಯಿಂದ! ನೀರು ಹೊಸದು, ನಾನು ಹೊಸಬ, ನಮ್ಮನ್ನು ಸ್ವಲ್ಪ ದಿನ ಸುಮ್ಮನೆ ಬಿಡಿ ಎಂದು ಹೇಳಬೇಕಿತ್ತು. ನನ್ನಿಂದ ಬಂದದ್ದು ಗುಳ್ಳೆಗಳು ಮಾತ್ರ.

ಗಪ್ಪಿಗಳಲ್ಲಿ ಒಂದು ಹೆಣ್ಣು ಮಾತ್ರ ಉಳಿದಿತ್ತು. ಕಸ್ತೂರಿ ಬಕೆಟ್ಟು ಹಿಡಿದು ಬಂದಳು. ಅಷ್ಟರಲ್ಲಿ ಊರಿಗೆ ನೀರು ತರುವ ದೊಡ್ಡ ಪೈಪು ಎಲ್ಲೋ ಒಡೆಯಿತು. ಮೊದಲೇ ನಲ್ಲಿಯಲ್ಲಿ ನೀರು ಬರುವುದು ಅಪರೂಪ, ಈಗ ಅದೂ ಇಲ್ಲ. ಬೀದಿಗೆ ಬಂದ ಟ್ಯಾಂಕರಿನ ಮುಂದೆ ಕೊಡಗಳ ಸಾಲು.

"ಕುಡ್ಯಾಕ ನೀರಿಲ್ಲ, ಮೀನಿನ ಡಬ್ಬಿ ತೊಳಿಬೇಕಂತ!" ಎಂದು ಗುರುಸಿದ್ದಪ್ಪ ಸಿಡುಕಿದ. "ತಂದವ್ರು ಯಾರ್ರೀ? ನಾ ತರ್ರಿ ಅಂದಿದ್ನೇನು?" ಎಂದು ಕಸ್ತೂರಿ ಬಕೆಟ್ಟು ಕುಕ್ಕಿದಳು. ಆಮೇಲೆ ವಾರಗಟ್ಟಲೆ ಯಾರೂ ನಮ್ಮ ಕಡೆ ತಿರುಗಿ ನೋಡಲಿಲ್ಲ. ಒಬ್ಬರ ಮೇಲೆ ಒಬ್ಬರಿಗೆ ಎಷ್ಟು ಮುನಿಸೆಂದರೆ, ಮೀನಿಗೆ ಕಾಳು ಹಾಕಿದರೆ ತಾನು ಸೋತಂತೆ ಎನ್ನುವ ಹಾಗೆ ಇದ್ದರು. ಒಮ್ಮೊಮ್ಮೆ ಯಾರೋ ಒಂದು ಚಿಟಿಕೆ ಉದುರಿಸಿ ಹೋಗುತ್ತಿದ್ದರು.

ನೀರು ಮೊದಲು ಮಜ್ಜಿಗೆಯಂತೆ ಬೆಳ್ಳಗಾಯಿತು. ಗಪ್ಪಿ ಮೇಲೆ ಬಂದು ಏದುಸಿರು ಬಿಡುತ್ತಿತ್ತು. ನನ್ನ ಮೈಮೇಲೆ ಕಂದು ಲೋಳೆ ಕಟ್ಟತೊಡಗಿತು. ತೂತು ತೂತಿನಲ್ಲೂ ಸಣ್ಣ ಜೀವಗಳು ಬಂದು ಕೂತವು, ಹೆಚ್ಚಿದವು, ವಿಷ ತಿಂದವು. ಒಂದು ಬೆಳಿಗ್ಗೆ ನೋಡುತ್ತೇನೆ, ನೀರು ತಿಳಿಯಾಗಿತ್ತು. ಗಪ್ಪಿ ನಡುನೀರಿನಲ್ಲಿ ಆರಾಮವಾಗಿ ಓಡಾಡುತ್ತಿತ್ತು.

ನಲ್ಲಿಯಲ್ಲಿ ನೀರು ಬಂದ ದಿನ ಕಸ್ತೂರಿ ಮನೆಯಲ್ಲಿದ್ದದ್ದನ್ನೆಲ್ಲ ತೊಳೆದಳು. ಕೊನೆಗೆ ತೊಟ್ಟಿಗೆ ಕೈ ಹಾಕಿ ನನ್ನನ್ನು ಹಿಡಿದಳು. ಮುಗಿಯಿತು ನನ್ನ ಕಥೆ ಎಂದುಕೊಂಡೆ.

"ಮಮ್ಮಿ, ಬ್ಯಾಡ! ಮರಿ ಅದಾವ!"

ತನುಜಾ ಗೋಡೆ ಬಿಟ್ಟು ಓಡಿಬಂದಿದ್ದಳು. ಗಪ್ಪಿ ಬರುವಾಗಲೇ ಬಸುರಿಯಾಗಿತ್ತು. ನನ್ನ ಸುತ್ತ ಎಳ್ಳಿನಷ್ಟು ಕಣ್ಣಿನ ಮರಿಗಳು ಲೋಳೆಯನ್ನು ಕುಕ್ಕಿ ಕುಕ್ಕಿ ತಿನ್ನುತ್ತಿದ್ದವು.

"ಇದು ಹೊಲಸು ಐತಿ ತನು, ನೋಡಿಲ್ಲಿ ಹೆಂಗ ಅಂಟಾಕತ್ತೈತಿ."

"ಇರ್ಲಿ. ನಾವು ಮುಟ್ಟಲಾರದ್ದಕ್ಕ ಬದುಕ್ಯಾವು. ಮುಟ್ಟಬ್ಯಾಡ."

ಆ ಮನೆಗೆ ಬಂದ ಮೇಲೆ ಹುಡುಗಿ ಹಟ ಹಿಡಿದದ್ದು ಅದೇ ಮೊದಲು. ಕಸ್ತೂರಿ ನನ್ನನ್ನು ನಿಧಾನವಾಗಿ ಬಿಟ್ಟಳು. ಕೈ ಒರೆಸಿಕೊಳ್ಳುವುದನ್ನೂ ಮರೆತು ಮಗಳ ಪಕ್ಕ ಕುಳಿತಳು. ಗುರುಸಿದ್ದಪ್ಪ ಹಿಂದೆ ನಿಂತು ಬಗ್ಗಿ ನೋಡಿದ. ಬಂದವರಿಗೆಲ್ಲ ಅವನು, "ನೀಲಿ ಲೈಟು ಹಾಕಿದ್ಮ್ಯಾಲೆ ನೋಡ್ರಿ, ಬದುಕಿದ್ವು," ಎಂದು ಇವತ್ತಿಗೂ ಹೇಳುತ್ತಾನೆ. ನನ್ನ ಹೆಸರು ಎತ್ತುವುದಿಲ್ಲ. ಎತ್ತದಿದ್ದರೆ ಬೇಡ, ಸೋಪು ಹಾಕದಿದ್ದರೆ ಸಾಕು.

ವರ್ಷಗಳು ಹೋದವು. ನನ್ನ ಅಂಚು ಹರಿದು ಮೈ ಸಡಿಲವಾಯಿತು. ಈಚೆಗೆ ನೀಲವ್ವನಿಗೂ ತೊಟ್ಟಿಯ ಆಸೆ ಹುಟ್ಟಿತು. ತಂದ ಮೀನು ಉಳಿಯಲಿಲ್ಲ, ಮತ್ತೆ ತಂದದ್ದೂ ಉಳಿಯಲಿಲ್ಲ. ತಮ್ಮನ ಮನೆಗೆ ಬಂದು ಕುಗ್ಗಿದ ದನಿಯಲ್ಲಿ, "ನಮ್ಮ ಮನ್ಯಾಗ ಏನರ ದೋಷ ಐತೇನೋ, ಗುರುಸಿದ್ದಾ," ಎಂದಳು.

ತನುಜಾ ಅಲ್ಲೇ ಇದ್ದಳು. ಈಗ ಕಾಲೇಜಿಗೆ ಹೋಗುವ ಹುಡುಗಿ. ಹೇಳು, ಈಗ ಹೇಳು ಎಂದು ನಾನು ಕುದಿಯುತ್ತಿದ್ದೆ. ಅವಳು ಒಳಗೆ ಹೋಗಿ ಕತ್ತರಿ ತಂದಳು. ನನ್ನನ್ನು ನಡುವೆ ಕತ್ತರಿಸಿ, ತೊಟ್ಟಿಯ ನೀರನ್ನೇ ಸ್ಟೀಲ್ ಡಬ್ಬಿಗೆ ತುಂಬಿ ಅರ್ಧವನ್ನು ಅದರಲ್ಲಿ ಮುಳುಗಿಸಿದಳು. ಆ ಅರ್ಧ ನಾನು, ನನ್ನೊಳಗೆ ವಿಷ ಉಣ್ಣುವ ಜೀವಗಳ ಊರೇ ಇತ್ತು.

"ದೋಷ ಏನಿಲ್ರಿ ಅತ್ತಿ. ನೀರು ಹೊಸದೈತಿ, ಅಷ್ಟ," ಎಂದಳು. "ಬರ್ರಿ, ನಾನ ಬಂದು ಇಟ್ಟು ಕೊಡ್ತೀನಿ. ಆಮ್ಯಾಲೆ ನೀವು ಮುಟ್ಟಬ್ಯಾಡ್ರಿ."

ಈಗ ನಾನು ನೀಲವ್ವನ ಮನೆಯ ತೊಟ್ಟಿಯಲ್ಲಿ, ಕಲ್ಲಿನ ಹಿಂದೆ ಒಂದು ಮೂಲೆಯಲ್ಲಿದ್ದೇನೆ. ಮುದುಕ, ಅದೂ ಅರ್ಧ. ಮುದುಕಿ ದಿನಾ ಸ್ಟೂಲು ಎಳೆದುಕೊಂಡು ಎದುರಿಗೆ ಕೂರುತ್ತಾಳೆ. ಒಮ್ಮೊಮ್ಮೆ ಅವಳ ಕೈ ನೀರಿನವರೆಗೆ ಬರುತ್ತದೆ, ನನಗೆ ಸೋಪಿನ ಪುಡಿ ನೆನಪಾಗುತ್ತದೆ. ಆಮೇಲೆ ಏನೋ ನೆನೆದವಳಂತೆ ಆ ಕೈಯನ್ನು ಹಿಂದಕ್ಕೆ ಎಳೆದು ಮಡಿಲಲ್ಲಿ ಇಟ್ಟುಕೊಳ್ಳುತ್ತಾಳೆ.