ಒಂದೇ ತಳದ ಎರಡು ಕಾರು

ವಿಮಲಾ ಮೇಡಂ ಕಾರು ಓಡಿಸಲು ಕಲಿತದ್ದು ಗಣಿತದ ಟೀಚರ್ ಕೆಲಸದಿಂದ ನಿವೃತ್ತರಾದ ಮೇಲೆ. ಸೆಕೆಂಡ್ ಹ್ಯಾಂಡ್ ಕೆಂಪು ಕಾರೊಂದನ್ನು ಕೊಂಡು ವರ್ಷವಾಗಿತ್ತು. ಆದರೂ ಜಯನಗರ, ಬನಶಂಕರಿ ದಾಟಿ ಹೋಗುವ ಧೈರ್ಯ ಬಂದಿರಲಿಲ್ಲ. ಶನಿವಾರ ಅವರಿಗೆ ಅರವತ್ತೊಂದು ತುಂಬುವುದಿತ್ತು. ಅಂದು ಗೆಳತಿ ಶಾಂತಾದೇವಿಯನ್ನು ಕೂರಿಸಿಕೊಂಡು ಶಿವನಸಮುದ್ರದವರೆಗೂ ತಾವೇ ಓಡಿಸಬೇಕೆಂದು ನಿಶ್ಚಯಿಸಿದ್ದರು.

ಬುಧವಾರ ಕನಕಪುರ ರಸ್ತೆಯ ಗುಂಡಿಯೊಂದಕ್ಕೆ ಮುಂಚಕ್ರ ಧಡ್ಡೆಂದು ಇಳಿಯಿತು. ಸೊಟ್ಟಗಾದ ಚಕ್ರದ ಕಾರನ್ನು ಜರಗನಹಳ್ಳಿಯ ಲತಾಮಣಿಯ ಗ್ಯಾರೇಜಿಗೆ ಎಳೆದು ತರಬೇಕಾಯಿತು.

ಲತಾಮಣಿ ಕೆಳಗೆ ನುಸುಳಿ ನೋಡಿ ಎದ್ದಳು. "ಲೋಯರ್ ಆರ್ಮ್ ಮುರಿದಿದೆ ಮೇಡಂ. ಚಕ್ರಾನ ಗಾಡಿಗೆ ಹಿಡಿದಿಡೋ ತೋಳು ಇದು." ಡೀಲರಿಗೆ ಫೋನ್ ಮಾಡಿದವಳ ಮುಖ ಸಪ್ಪಗಾಯಿತು. "ಈ ಮಾಡೆಲ್ ನಿಂತು ಹೋಗಿದೆಯಂತೆ. ಪಾರ್ಟ್ ಬರೋಕೆ ಎರಡು ತಿಂಗಳಂತೆ."

ವಿಮಲಾ ಅಲ್ಲಿದ್ದ ಸ್ಟೂಲಿನ ಮೇಲೆ ಕುಸಿದು ಕೂತರು.

"ನಾನು ಆವತ್ತೇ ಬಡ್ಕೊಂಡೆ, ನನ್ನ ಕಾರಿನ ಕಂಪನೀದೇ ತಗೊಳ್ಳಿ ಅಂತ!"

ಹಾಗೆಂದದ್ದು ವಿಮಲಾ ಪಕ್ಕದ ಮನೆಯ ಸೋಮನಾಥ್. ಅವರ ನೀಲಿ ಕಾರೂ ಅದೇ ಗ್ಯಾರೇಜಿನಲ್ಲಿತ್ತು. ಎರಡು ವಾರದ ಹಿಂದೆ ನೀರಿನ ಟ್ಯಾಂಕರೊಂದು ಅದರ ಹಿಂಭಾಗವನ್ನು ಜಜ್ಜಿಹಾಕಿತ್ತು. ಹೊಸ ಡೋರ್ ಬಂತೇ ಎಂದು ವಿಚಾರಿಸಲು ಅವರು ದಿನಾ ಬರುತ್ತಿದ್ದರು. ವಿಮಲಾ ಕೆಂಪು ಕಾರು ಕೊಂಡ ದಿನದಿಂದಲೂ ಕಾಂಪೌಂಡಿನ ಆಚೀಚೆ ನಿಂತು ಇಬ್ಬರದೂ ಇದೇ ವಾದ, ಯಾರ ಕಂಪನಿ ಮೇಲು ಎಂದು.

ಲತಾಮಣಿ ನೀಲಿ ಕಾರಿಗೆ ಜಾಕ್ ಕೊಟ್ಟು, ಕೆಳಗಿನ ಮಣ್ಣನ್ನು ಬಟ್ಟೆಯಿಂದ ಒರೆಸಿದಳು. ಕೆಂಪು ಕಾರಿನ ಮುರುಕು ತೋಳನ್ನು ಬಿಚ್ಚಿ ತಂದು ವಿಮಲಾ ಕೈಗಿತ್ತಳು.

"ಇದರ ಮೇಲಿರೋ ನಂಬರ್ ಓದಿ ಮೇಡಂ. ಸಾರ್, ನೀವು ನಿಮ್ಮ ಗಾಡೀದು ನೋಡ್ತಾ ಇರಿ."

ವಿಮಲಾ ತರಗತಿಯ ದನಿಯಲ್ಲಿ ಓದತೊಡಗಿದರು. "ಐದು, ನಾಲ್ಕು, ಸೊನ್ನೆ..."

ಟಾರ್ಚ್ ಹಿಡಿದು ಬಗ್ಗಿದ್ದ ಸೋಮನಾಥ್, "ಹ್ಞೂಂ, ಹ್ಞೂಂ" ಎನ್ನುತ್ತಾ ಹೋದರು. ಅಂಕಿ ಮುಂದುವರಿದಂತೆ ಅವರ ದನಿ ಇಳಿಯಿತು.

"ಕೊನೆಗೆ ಏಳು?"

"...ಏಳು."

ಲತಾಮಣಿಗೆ ನಗು ತಡೆಯಲಾಗಲಿಲ್ಲ. "ಎರಡು ಕಂಪನಿಯವರೂ ಸೇರಿ ಒಂದೇ ಪ್ಲಾಟ್‌ಫಾರ್ಮ್ ಮಾಡಿದ್ದಾರೆ ಸಾರ್. ತಳ ಎಲ್ಲಾ ಒಂದೇ, ಮೇಲಿನ ಬಾಡಿ ಮಾತ್ರ ಅವರವರದು. ಒಂದೇ ಹಿಟ್ಟಲ್ಲಿ ಒಬ್ಬರು ಮಸಾಲೆ ದೋಸೆ, ಇನ್ನೊಬ್ಬರು ಸೆಟ್ ದೋಸೆ ಹಾಕಿದ ಹಾಗೆ!"

ವಿಮಲಾ ಎದ್ದು ನಿಂತರು. "ಹಾಗಾದ್ರೆ ಇವರ ಕಂಪನಿ ಪಾರ್ಟ್ ನನಗೆ ಆಗುತ್ತಾ?"

"ಕಣ್ಮುಚ್ಚಿ ಹಾಕ್ಬಹುದು." ಲತಾಮಣಿ ಮತ್ತೆ ಫೋನ್ ಮಾಡಿದಳು. "ಆದ್ರೆ ಸೋಮವಾರ ಸಿಗೋದಂತೆ."

"ಶನಿವಾರ ನನ್ನ ಹುಟ್ಟಿದಹಬ್ಬಕ್ಕೆ ಶಿವನಸಮುದ್ರಕ್ಕೆ ಹೋಗ್ಬೇಕು ಅಂತಿದ್ದೆ," ಎಂದರು ವಿಮಲಾ. ಸೋಮನಾಥ್ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು, ಮತ್ತೆ ಹಾಕಿಕೊಂಡರು.

"ನನ್ನದು ಹೇಗಿದ್ರೂ ಹಿಂದಿನ ಡೋರ್ ಇಲ್ದೆ ನಿಂತಿದೆ. ಅದರದೇ ಬಿಚ್ಚಿ ಇವರಿಗೆ ಹಾಕಮ್ಮ. ಸೋಮವಾರ ಹೊಸದು ಬಂದ್ಮೇಲೆ ನನಗೆ ಹಾಕುವೆಯಂತೆ."

"ನಿಜವಾಗ್ಲೂ?" ವಿಮಲಾಗೆ ನಂಬಿಕೆಯೇ ಬರಲಿಲ್ಲ.

"ಒಂದು ಕಂಡೀಷನ್. ನನ್ನ ಪಾರ್ಟ್ ಹೋಗೋ ಕಡೆ ನಾನೂ ಬರ್ತೀನಿ. ಹದಿನೈದು ದಿನದಿಂದ ಮನೇಲಿ ಕೂತು ಸಾಕಾಗಿದೆ."

ಶುಕ್ರವಾರ ಸಂಜೆ ಲತಾಮಣಿ ಕೆಂಪು ಕಾರನ್ನು ಹುಳಿಮಾವು ಕೆರೆಯವರೆಗೆ ಓಡಿಸಿ ತಂದು, ಹೆಬ್ಬೆರಳೆತ್ತಿ ತೋರಿಸಿದಳು.

ಶನಿವಾರ ಬೆಳಿಗ್ಗೆ ಆರಕ್ಕೆ ಮೂವರೂ ಹೊರಟರು. ಹಾರೋಹಳ್ಳಿಯವರೆಗೆ ವಿಮಲಾ ಸ್ಟಿಯರಿಂಗನ್ನು ಬಿಗಿಯಾಗಿ ಹಿಡಿದೇ ಇದ್ದರು. ಹಿಂದಿನ ಸೀಟಿನಿಂದ ಸೋಮನಾಥ್, "ಲಾರಿ, ಲಾರಿ" ಎಂದಾಗಲೆಲ್ಲ ಶಾಂತಾದೇವಿ ಅವರ ಬಾಯಿಗೆ ಒಂದೊಂದು ಕೋಡುಬಳೆ ಕೊಟ್ಟು ಸುಮ್ಮನಾಗಿಸಿದರು. ಕನಕಪುರ ದಾಟಿದ ಮೇಲೆ ರಸ್ತೆ ತೆರೆದುಕೊಂಡಿತು. ವಿಮಲಾ ಭುಜ ಸಡಿಲಿಸಿ, ಜೀವನದಲ್ಲಿ ಮೊದಲ ಸಲ ಐದನೇ ಗೇರಿಗೆ ಹಾಕಿದರು.

ಮೂವರೂ ಜಲಪಾತದ ಮುಂದೆ ನಿಂತರು. ಹನಿಗಳು ಮುಖಕ್ಕೆ ರಾಚಿದವು, ವಿಮಲಾರ ಕನ್ನಡಕವೂ ಮಸುಕಾಯಿತು.

"ಒರೆಸ್ಕೊಳ್ರೀ!" ಎಂದು ಶಾಂತಾದೇವಿ ಕೂಗಿದರು.

"ಇರಲಿ ಬಿಡ್ರೀ," ಎಂದು ವಿಮಲಾ ನಕ್ಕರು, ಇನ್ನೊಂದು ಹೆಜ್ಜೆ ಮುಂದೆ ಹೋಗಿ ಪೂರ್ತಿ ನೆನೆದರು.