ಹಳದಿ ಬಳೆಯ ಹಕ್ಕಿ ಮತ್ತು ಎರಡು ಕ್ಯಾಮೆರಾ

ಮುಂಬಯಿಯ ಮುನಿಸಿಪಾಲಿಟಿ ಆಸ್ಪತ್ರೆಯ ಎಕ್ಸ್‌ರೇ ವಿಭಾಗದಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿ ವಿನೋದಿನಿ ಡಿಸೆಂಬರ್ ಕೊನೆಗೆ ನಿವೃತ್ತರಾದರು. ಬೀಳ್ಕೊಡುಗೆಯ ದಿನ ಮೈಕ್ ಕೈಗೆ ಕೊಟ್ಟಾಗ ಅವರು ಹೇಳಿದ್ದು ಎರಡೇ ಮಾತು. "ಇಷ್ಟು ವರ್ಷ ಎಷ್ಟು ಚಿತ್ರ ತೆಗೆದೆನೋ ನನಗೇ ಗೊತ್ತಿಲ್ಲ. ಒಂದರಲ್ಲೂ ಬಣ್ಣ ಇರಲಿಲ್ಲ. ಇನ್ನು ಒಂದು ಒಳ್ಳೆಯ ಕ್ಯಾಮೆರಾ ತಗೊಳ್ತೇನೆ." ಎಲ್ಲರೂ ನಕ್ಕು ಚಪ್ಪಾಳೆ ತಟ್ಟಿದರು. ತಮಾಷೆ ಎಂದುಕೊಂಡರು.

ಅವರ ಗಂಡ ಪೂವಪ್ಪ ಗ್ರಾಂಟ್ ರೋಡಿನ ಉಡುಪಿ ಹೋಟೆಲೊಂದರಲ್ಲಿ ಮ್ಯಾನೇಜರು. ಅವರಿಗೆ ಮಾತ್ರ ಇದು ತಮಾಷೆಯಲ್ಲ ಎಂದು ಗೊತ್ತಿತ್ತು. ಹೆಂಡತಿ ಒಮ್ಮೆ ಹೇಳಿದ ಮೇಲೆ ಮುಗಿಯಿತು. "ಮೊಬೈಲಿನಲ್ಲಿ ಬರುವುದಿಲ್ವಾ ಫೋಟೊ?" ಎಂದು ಒಂದು ಸಲ ಕೇಳಿ ನೋಡಿದರು, ಅಷ್ಟೆ.

ಆ ಪ್ರಶ್ನೆಗೆ ಉತ್ತರ ಜನವರಿಯಲ್ಲಿ ಸಿಕ್ಕಿತು. ಚೆಂಬೂರಿನ ಮನೆಯಿಂದ ಬಸ್ಸು ಹಿಡಿದು ವಿನೋದಿನಿ ಒಂದು ಬೆಳಿಗ್ಗೆ ಮಾಹುಲ್ ಕಡೆಯ ಖಾಡಿಗೆ, ಸಮುದ್ರದ ನೀರು ಒಳನುಗ್ಗುವ ಹಿನ್ನೀರಿಗೆ, ಹೋದರು. ಅಲ್ಲಿ ಫ್ಲೆಮಿಂಗೊ ಬಂದಿವೆ ಎಂದು ಬಿಲ್ಡಿಂಗಿನವರು ಹೇಳಿದ್ದರು. ಒಂದು ಕಡೆ ರಿಫೈನರಿಯ ಚಿಮಣಿಗಳು, ಇನ್ನೊಂದು ಕಡೆ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳು, ನಡುವೆ ಕೆಸರು. ಆ ಕೆಸರಿನ ಮೇಲೆ ಸಾವಿರಾರು ಗುಲಾಬಿ ಹಕ್ಕಿಗಳು ಕತ್ತು ಬಗ್ಗಿಸಿಕೊಂಡು ತಿನ್ನುತ್ತಿದ್ದವು. ವಿನೋದಿನಿ ಬಾಯಿ ತೆರೆದು ನಿಂತರು. ಆಮೇಲೆ ಮೊಬೈಲು ತೆಗೆದು ಇಪ್ಪತ್ತು ಫೋಟೊ ಹೊಡೆದರು. ಮನೆಗೆ ಬಂದು ತೋರಿಸಿದರೆ ಪೂವಪ್ಪ ಕನ್ನಡಕ ಮೇಲೆ ಕೆಳಗೆ ಮಾಡಿ, "ಇದೆಂತದು, ಯಾರೋ ಕುಂಕುಮ ಚೆಲ್ಲಿದ್ದಾ?" ಎಂದರು.

ಅಂದಿನಿಂದ ವಾರಕ್ಕೆ ಮೂರು ದಿನ ಖಾಡಿಗೆ ಹೋಗುವುದು ಅಭ್ಯಾಸವಾಯಿತು. ಅಲ್ಲಿ ನೀರಿನ ಅಂಚಿಗೆ ಕಟ್ಟಿದ ಗಿಡ್ಡ ಗೋಡೆಯ ಪಕ್ಕ ಒಂದು ಪಂಪ್ ಹೌಸು. ಅದರ ಕಾವಲುಗಾರ ಶರಣಬಸಪ್ಪ, ಆಳಂದದ ಕಡೆಯವನು, ಮುಂಬಯಿಗೆ ಬಂದು ಹದಿನೈದು ವರ್ಷವಾಗಿತ್ತು. ವಿನೋದಿನಿ ಫೋನಿನಲ್ಲಿ ಮಾತಾಡುತ್ತಿದ್ದುದನ್ನು ಕೇಳಿಸಿಕೊಂಡು ಗೇಟು ದಾಟಿ ಓಡಿಬಂದಿದ್ದ.

"ಕನ್ನಡದವ್ರೇನ್ರಿ ಅಕ್ಕಾರ? ಕುಂದರ್ರಿ, ಕುಂದರ್ರಿ," ಎಂದು ತನ್ನ ಪ್ಲಾಸ್ಟಿಕ್ ಕುರ್ಚಿಯನ್ನೇ ತಂದು ಹಾಕಿದ.

ನಾಲ್ಕನೆಯ ಭೇಟಿಯ ಹೊತ್ತಿಗೆ ಅವನು ತನ್ನ ಮನಸ್ಸಿನಲ್ಲಿದ್ದುದನ್ನು ಹೇಳಿದ. "ಅಲ್ನೋಡ್ರಿ, ಮುರುಕು ದೋಣಿ ಅದಲ್ಲ, ಅದರ ಬಲಕ್ಕ. ಒಂದು ಹಕ್ಕಿ ಒಂಟಿ ನಿಂತದ. ದಿನಾ ಅಲ್ಲೇ ನಿಂದರ್ತದ. ಮೊನ್ನೆ ಭರತಿ ನೀರು ಏರಿದಾಗ ಈ ಗ್ವಾಡಿ ತನಕಾ ಬಂದಿತ್ತು, ಕಾಲಾಗ ಏನೋ ಹಳದಿದು ಸಿಕ್ಕೊಂಡದ. ಪ್ಲಾಸ್ಟಿಕ್ ಇರಬೇಕು. ಕಾಲು ಮುರದದೋ ಏನೋ, ಒಂದ ಕಾಲಮ್ಯಾಲ ನಿಂದರ್ತದರಿ."

"ಈ ಜಾತಿಯವೆಲ್ಲ ಒಂಟಿ ಕಾಲಿನಲ್ಲೇ ನಿಲ್ಲುವುದಲ್ವಾ?"

"ಇದು ಭಾಳ ಹೊತ್ತು ನಿಂದರ್ತದ. ನನಗ ಇಲ್ಲಿ ಬ್ಯಾರೆ ಏನ್ ಕೆಲಸದ್ರಿ? ನೋಡ್ಕೋತ ಇರ್ತೀನಿ." ಆಮೇಲೆ ಕೇಳಿದ, "ನೀವು ದವಾಖಾನಿಯವ್ರು ಅಂದ್ರಲ್ಲ. ನೋಡಿ ಹೇಳ್ತೀರೇನ್ರಿ, ಮುರದದೋ ಇಲ್ಲೋ?"

ಮೂವತ್ತೊಂದು ವರ್ಷ ಜನ ಅವರಿಗೆ ಕೇಳಿದ್ದ ಪ್ರಶ್ನೆಯೇ ಇದು. ವಿನೋದಿನಿ ಹುಬ್ಬಿಗೆ ಕೈ ಅಡ್ಡ ಹಿಡಿದು ನೋಡಿದರು. ಹಕ್ಕಿ ಕಂಡಿತು. ಕಾಲು ಕಾಣಲಿಲ್ಲ. ಕ್ಯಾಮೆರಾ ಈಗ ಬರೀ ಆಸೆಯಾಗಿ ಉಳಿಯಲಿಲ್ಲ, ಬೇಕೇ ಬೇಕಾಯಿತು.

ಮನೆಗೆ ಬಂದವರೇ ತಿಲಕನಿಗೆ ಫೋನು ಮಾಡಿದರು. ತಿಲಕ್ ಅವರ ಅಣ್ಣನ ಮಗ, ಜೋಗೇಶ್ವರಿಯಲ್ಲಿ ಮದುವೆ ಫೋಟೊಗ್ರಾಫರ್. ಆ ವಿಷಯದಲ್ಲಿ ಅವನಿಗೆ ಎರಡು ಅಭಿಪ್ರಾಯ ಇರಲಿಲ್ಲ.

"ಅತ್ತೆ, ಡಿಎಸ್‌ಎಲ್‌ಆರ್ ತಗೊಳ್ಳಿ. ಪ್ರೊಫೆಶನಲ್. ಬೇರೆ ಮಾತೇ ಇಲ್ಲ. ಬೇಕಾದ ಲೆನ್ಸ್ ಹಾಕಬಹುದು, ಬೆಳಕು ಕಮ್ಮಿ ಇದ್ದರೂ ಚಿತ್ರ ಗಾಜಿನ ಹಾಗೆ ಬರ್ತದೆ. ಸಂಡೇ ನಾನೇ ಬರ್ತೇನೆ, ಫ್ರೆಂಡ್‌ದು ದೊಡ್ಡ ಲೆನ್ಸ್ ಉಂಟು, ತರ್ತೇನೆ. ಆಪ್ ಖುದ್ ದೇಖೋ, ನೀವೇ ನೋಡಿ."

ಅದೇ ಸಂಜೆ ನೀಲಾಬಾಯಿ ಬಂದರು. ಅದೇ ಎಕ್ಸ್‌ರೇ ವಿಭಾಗದಲ್ಲಿ ಇಪ್ಪತ್ತು ವರ್ಷ ಒಟ್ಟಿಗಿದ್ದ ಗೆಳತಿ. ಕ್ಯಾಮೆರಾ ಮಾತು ಕೇಳಿದ್ದೇ ತಡ, "ಅಗ, ನನ್ನ ಮನೆಯಲ್ಲಿ ಒಂದು ಕಪಾಟಿನಲ್ಲಿ ಬಿದ್ದಿದೆ! ಮಗ ಯುರೋಪ್ ಟೂರಿಗೆ ಅಂತ ತೆಗೆಸಿಕೊಟ್ಟಿದ್ದ. ಘೇಊನ್ ಜಾ, ತಗೊಂಡು ಹೋಗು," ಎಂದವರು ಮರುದಿನ ತಾವೇ ತಂದುಕೊಟ್ಟರು. ಅಂಗೈಗಿಂತ ಸ್ವಲ್ಪ ದೊಡ್ಡದು. ಗುಂಡಿ ಒತ್ತಿದರೆ ಅದರ ಲೆನ್ಸು ಒಳಗಿನಿಂದ ಹೊರಗೆ, ಇನ್ನೂ ಹೊರಗೆ ಬಂತು. ವಿನೋದಿನಿ ಬಾಲ್ಕನಿಯಲ್ಲಿ ನಿಂತು ಎದುರು ಬಿಲ್ಡಿಂಗಿನ ಏಳನೆಯ ಮಹಡಿಯಲ್ಲಿ ಒಣಗಿಸಿದ್ದ ಮೆಣಸಿನ ಸಂಡಿಗೆ ಎಣಿಸಿದರು. ಇಪ್ಪತ್ತಮೂರು ಇದ್ದವು.

ಭಾನುವಾರ ತಿಲಕ್ ಬಂದ. ಬೆನ್ನಿಗೊಂದು ಚೀಲ, ಹೆಗಲಿಗೊಂದು ಟ್ರೈಪಾಡು. ಫ್ರೆಂಡಿನ ಲೆನ್ಸು ಒಳ್ಳೆ ಬೆಳೆದ ಸೋರೆಕಾಯಿಯಷ್ಟಿತ್ತು. ನೀಲಾಬಾಯಿಯ ಕ್ಯಾಮೆರಾ ನೋಡಿ ನಕ್ಕುಬಿಟ್ಟ. "ಸೂಪರ್‌ಝೂಮಾ? ಅತ್ತೆ, ಇದರಲ್ಲಿ ಬೆಳಕು ಹಿಡಿಯುವ ಸೆನ್ಸರ್ ಕಡ್ಲೆಬೇಳೆಯಷ್ಟು. ದೂರದ್ದು ಹತ್ತಿರ ಬರ್ತದೆ, ಆದರೆ ರವೆ ರವೆಯಾಗಿ ಬರ್ತದೆ."

ಇಬ್ಬರೂ ಖಾಡಿಗೆ ಹೋದರು. ಅತ್ತೆಯ ಕೈಗೇ ಕ್ಯಾಮೆರಾ ಕೊಡಬೇಕು ಎಂಬುದು ತಿಲಕನ ಹಟ. ವಿನೋದಿನಿ ಎತ್ತಿ ಕಣ್ಣಿಗಿಟ್ಟುಕೊಂಡರು. ಕಂಡ ನೋಟಕ್ಕೆ "ಅಬ್ಬ!" ಎಂಬ ಮಾತು ತಾನಾಗಿ ಬಂತು. ಒಂದೊಂದು ಗರಿಯೂ ಬೇರೆ ಬೇರೆ ಕಾಣುತ್ತಿತ್ತು. ಗುಂಡಿ ಒತ್ತಿದಾಗ ಬಂದ ಟಕ್ ಎನ್ನುವ ಸದ್ದಂತೂ ಅವರಿಗೆ ಬಹಳ ಇಷ್ಟವಾಯಿತು. ಆದರೆ ರೋಗಿಗಳನ್ನು ಎತ್ತಿ ಮಲಗಿಸಿ ಸವೆದಿದ್ದ ಬಲಭುಜ ಎರಡೇ ನಿಮಿಷಕ್ಕೆ ನಡುಗತೊಡಗಿತು. ಟ್ರೈಪಾಡ್ ಇಡೋಣವೆಂದರೆ ಗೋಡೆಯ ಈಚೆ ಅದರ ಎತ್ತರಕ್ಕೆ ಕಾಂಡ್ಲಾ ಕೊಂಬೆಗಳು ಮುರುಕು ದೋಣಿಗೆ ಅಡ್ಡ. ಗೋಡೆ ಇಳಿದು ಅಂಚಿನಲ್ಲಿ ನೆಟ್ಟರು. ಟ್ರೈಪಾಡಿನ ಒಂದು ಕಾಲು ಕೆಸರಿನಲ್ಲಿ ಇಳಿಯಿತು, ಅದನ್ನು ಎಳೆಯಲು ಹೋದ ವಿನೋದಿನಿಯ ಎರಡೂ ಕಾಲು ಇಳಿದವು.

"ಹಕ್ಕಿ ಕಾಲು ನೋಡೂದು ಬಿಟ್ಟು ನಿಮ್ಮ ಕಾಲು ನೋಡ್ಕೋರಿ ಅಕ್ಕಾರ!" ಎಂದು ಶರಣಬಸಪ್ಪ ಮೇಲಿನಿಂದ ಕೂಗಿದ. ವಿನೋದಿನಿ ಕೆಸರಲ್ಲೇ ನಿಂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಷ್ಟರಲ್ಲಿ ಒಂಟಿ ಹಕ್ಕಿ ಹಿಂಡಿನ ನಡುವೆ ಸೇರಿಕೊಂಡಿತು. ಹಿಂಡು ಹಾರಿತು. ಅದು ಹಾರಿದ ಚಿತ್ರ ತಿಲಕ್ ತೆಗೆದ. ಆಕಾಶವೇ ಗುಲಾಬಿಯಾದ ಹಾಗೆ, ಕ್ಯಾಲೆಂಡರಿಗೆ ಹಾಕುವಂಥದ್ದು. ಹಳದಿ ಕಾಲು ಮಾತ್ರ ಯಾವ ಚಿತ್ರದಲ್ಲೂ ಸಿಗಲಿಲ್ಲ.

ಬುಧವಾರ ವಿನೋದಿನಿ ಒಬ್ಬರೇ ಹೋದರು. ನೀಲಾಬಾಯಿಯ ಕ್ಯಾಮೆರಾ ಪರ್ಸಿನಲ್ಲಿ ನೀರಿನ ಬಾಟಲಿಯ ಪಕ್ಕ ಮಲಗಿತ್ತು. ಹಕ್ಕಿ ತನ್ನ ಜಾಗದಲ್ಲೇ ಇತ್ತು. ಅವರು ಕೊಂಬೆಗಳ ಕೆಳಗಿಂದ ದೋಣಿ ಕಾಣುವ ಹಾಗೆ ಕುರ್ಚಿಯಲ್ಲಿ ತಗ್ಗಿ ಕೂತು, ಮೊಣಕೈಗಳನ್ನು ಗೋಡೆಗೆ ಊರಿ, ಗುಂಡಿ ಒತ್ತುತ್ತಾ ಹೋದರು. ದೋಣಿ ಬಂತು, ಹಕ್ಕಿ ಬಂತು, ಕಾಲು ಬಂತು. ಕಾಲಿನಲ್ಲಿ ನಿಜಕ್ಕೂ ಹಳದಿಯದೇನೋ ಇತ್ತು. ಉಸಿರು ಹಿಡಿದು ಒತ್ತಿದರು. ರೋಗಿಗೆ "ಉಸಿರು ಬಿಗಿಹಿಡೀರಿ" ಎಂದು ದಿನಕ್ಕೆ ನೂರು ಸಲ ಹೇಳುತ್ತಿದ್ದವರಿಗೆ ಈಗ ಅದು ಸ್ವಂತದ ಸರದಿ.

ಒಂದು ಚಿತ್ರಕ್ಕೆ ಅವರು ಎದ್ದು ಹೋಗಲಿಲ್ಲ. ಹಕ್ಕಿ ತಿರುಗುವವರೆಗೆ ಕಾದರು. ಮುಕ್ಕಾಲು ಗಂಟೆ ಹಿಡಿಯಿತು. ಶರಣಬಸಪ್ಪ ಎರಡು ಸಲ ಚಹಾ ತಂದ. ಕೊನೆಗೆ ಹಕ್ಕಿ ಪಕ್ಕಕ್ಕೆ ತಿರುಗಿ, ಮಡಚಿದ್ದ ಇನ್ನೊಂದು ಕಾಲನ್ನು ನಿಧಾನ ಕೆಳಗಿಟ್ಟು, ಎರಡು ಹೆಜ್ಜೆ ನಡೆಯಿತು. ವಿನೋದಿನಿ ಟಕಟಕ ಒತ್ತಿದರು.

"ಮುರಿದಿಲ್ಲ ಮಾರಾಯ!" ಎಂದು ಕೂಗಿದರು. "ಎರಡೂ ಕಾಲು ಗಟ್ಟಿ ಉಂಟು!"

ಶರಣಬಸಪ್ಪ ಎರಡೂ ಕೈ ಎತ್ತಿ ಆಕಾಶಕ್ಕೆ ಮುಗಿದ.

ಸಂಜೆ ತಿಲಕ್ ಬಂದಾಗ ಚಿತ್ರಗಳನ್ನು ಟಿವಿಗೆ ಹಾಕಿ ನೋಡಿದರು. ಅವನು ಹೇಳಿದಂತೆಯೇ ಎಲ್ಲ ರವೆ ರವೆ. ಹಳದಿಯದು ಪ್ಲಾಸ್ಟಿಕ್ ಚೂರಲ್ಲ, ಗುಂಡಗಿನ ಬಳೆ ಎಂದು ಗೊತ್ತಾಗುತ್ತಿತ್ತು. ಅದರ ಮೇಲೆ ಕಪ್ಪಗೆ ಏನೋ ಇತ್ತು.

"ಇದು ರಿಂಗ್ ಅತ್ತೆ! ಸಂಶೋಧನೆಯವರು ಹಾಕುವುದು. ಪ್ರತಿ ಹಕ್ಕಿಗೂ ಬೇರೆ ಅಕ್ಷರ. ಆದರೆ ಓದುವುದು ಹೇಗೆ? ಇಷ್ಟು ನಾಯ್ಸ್ ಇದ್ದರೆ ಯಾರಿಗೂ ಆಗುವುದಿಲ್ಲ. ನಾನು ಹೇಳಿದ್ದೆ."

"ನಾಯ್ಸ್ ಅಂದರೆ ಈ ಕಾಳು ಕಾಳಿನದ್ದಾ?"

"ಹೌದು."

"ಇದರ ಬಣ್ಣ ತೆಗಿ. ಕಪ್ಪು ಬಿಳುಪು ಮಾಡು. ಈಗ ಕಪ್ಪನ್ನು ಇನ್ನೂ ಸ್ವಲ್ಪ ಕಪ್ಪು ಮಾಡು. ಸಾಕು, ಸಾಕು."

ವಿನೋದಿನಿ ಟಿವಿಯಿಂದ ನಾಲ್ಕು ಹೆಜ್ಜೆ ಹಿಂದೆ ಸರಿದು, ಕಣ್ಣು ಅರ್ಧ ಮುಚ್ಚಿ, ತಲೆ ಒಂದು ಪಕ್ಕಕ್ಕೆ ವಾಲಿಸಿ ನಿಂತರು. ತಿಲಕ್ ಅತ್ತೆಯನ್ನು ಹೀಗೆ ಎಂದೂ ನೋಡಿರಲಿಲ್ಲ. ಅಡುಗೆಮನೆಯಿಂದ ಬಂದ ಪೂವಪ್ಪನೂ ಬಾಗಿಲಲ್ಲೇ ನಿಂತರು.

"ಸಿ," ಎಂದರು ವಿನೋದಿನಿ. "ಕೊನೆಯದ್ದು ಎಲ್. ನಡುವಿನದ್ದು ಪಿ, ಇಲ್ಲದಿದ್ದರೆ ಆರ್. ಎರಡನೇ ಚಿತ್ರ ತೆಗಿ, ಹಕ್ಕಿ ಪಕ್ಕಕ್ಕೆ ತಿರುಗಿದ್ದು."

"ಅದು ಎಂತಕ್ಕೆ?"

"ಒಂದೇ ಕಡೆಯಿಂದ ನೋಡಿ ಮೂಳೆ ಮುರಿದಿದೆ ಅಂತ ಯಾವತ್ತೂ ಹೇಳಬಾರದು. ಎದುರಿಂದ ಒಂದು, ಪಕ್ಕದಿಂದ ಒಂದು. ಎಷ್ಟೋ ಬಿರುಕು ಎದುರಿಂದ ಕಾಣುವುದೇ ಇಲ್ಲ."

ಎರಡನೆಯ ಚಿತ್ರದಲ್ಲಿ ನಡುವಿನ ಅಕ್ಷರದ ಕೆಳಗೆ ಕೂದಲೆಳೆಯಷ್ಟು ಓರೆ ಗೆರೆಯೊಂದು ತೆಳ್ಳಗೆ ಕಾಣಿಸಿತು. ತಿಲಕನಿಗೆ ಅದು ಅತ್ತೆ ಬೆರಳಿಟ್ಟು ತೋರಿಸಿದ ಮೇಲೆ ಕಂಡಿತು.

"ಆರ್," ಎಂದರು ವಿನೋದಿನಿ. "ಸಿ ಆರ್ ಎಲ್. ಬರೆದುಕೊ."

ತಿಲಕ್ ಇಂಟರ್‌ನೆಟ್ಟಿನಲ್ಲಿ ಹುಡುಕಿ ಹಕ್ಕಿ ಸಂಶೋಧಕರ ವಿಳಾಸಕ್ಕೆ ಎರಡೂ ಚಿತ್ರ ಕಳಿಸಿದ. ಆಮೇಲೆ ತನ್ನ ಲ್ಯಾಪ್‌ಟಾಪಿನಿಂದ ಒಂದು ಚಿತ್ರ ತೆಗೆದು ತೋರಿಸಿದ. ಭಾನುವಾರ ಕೆಸರಿನಲ್ಲಿ ಹೂತು ನಿಂತು ನಗುತ್ತಿದ್ದ ವಿನೋದಿನಿ. ಹಿಂದೆ ಹಿಂಡೆಲ್ಲ ಮಂಜುಮಂಜಾಗಿ ಕರಗಿಹೋಗಿತ್ತು, ಮುಖದ ಮೇಲಿನ ಕೆಸರಿನ ಹನಿ ಕೂಡ ಸ್ಪಷ್ಟವಾಗಿತ್ತು. ಪೂವಪ್ಪ ಆ ಚಿತ್ರವನ್ನು ಬಹಳ ಹೊತ್ತು ನೋಡಿದರು. "ಇದನ್ನು ನನಗೆ ಕಳಿಸು," ಎಂದರು.

"ನೋಡಿದಿರಾ?" ಎಂದ ತಿಲಕ್. "ಇದು ಆ ಚಿಕ್ಕ ಕ್ಯಾಮೆರಾದಲ್ಲಿ ಬರುವುದಿಲ್ಲ."

"ಬರುವುದಿಲ್ಲ," ಎಂದು ವಿನೋದಿನಿ ಒಪ್ಪಿಕೊಂಡರು. ಅವರ ಮನಸ್ಸು ಅಂದು ನಿಜವಾಗಿ ತೂಗುಯ್ಯಾಲೆಯಾಯಿತು. ಟಕ್ ಎನ್ನುವ ಆ ಸದ್ದು ಎರಡು ದಿನ ಕಿವಿಯಲ್ಲಿತ್ತು.

ಶನಿವಾರ ತಿಲಕನೊಂದಿಗೆ ಫೋರ್ಟಿನ ಅಂಗಡಿಗೆ ಹೋದಾಗಲೂ ಅವರು ಡಿಎಸ್‌ಎಲ್‌ಆರ್ ಅನ್ನೇ ಮೊದಲು ಕೇಳಿದರು. ಅಂಗಡಿಯ ಗುಜರಾತಿ ಸೇಠ್ ಮೂರು ನಮೂನೆ ತೆಗೆದಿಟ್ಟ. ಒಂದನ್ನು ಎತ್ತಿದರು, ಕಣ್ಣಿಗಿಟ್ಟರು, ಒತ್ತಿದರು, ಟಕ್ ಎಂದಿತು, ಮುಗುಳ್ನಕ್ಕರು. ಆಮೇಲೆ ಭುಜ ಒಮ್ಮೆ ತಿರುಗಿಸಿ ನೋಡಿ ಅದನ್ನು ಮೆಲ್ಲಗೆ ಗಾಜಿನ ಮೇಲಿಟ್ಟರು.

"ತಿಲಕ್, ನಿನಗೆ ಮುಖ ಬೇಕು. ಮದುಮಗಳು ಎರಡು ಮಾರು ದೂರದಲ್ಲಿ ನಿಲ್ತಾಳೆ, ನೀನು ಹೇಳಿದ ಕಡೆ ತಿರುಗ್ತಾಳೆ. ನನ್ನ ಹಕ್ಕಿ ನೂರು ಮಾರು ದೂರ. ನಾನು ಬಸ್ಸಿನಲ್ಲಿ ಹೋಗುವವಳು, ಒಬ್ಬಳೇ ಹೋಗುವವಳು. ಭಾರ ಅಂತ ಮನೆಯಲ್ಲಿ ಇಟ್ಟು ಹೋದರೆ ಎಷ್ಟು ಒಳ್ಳೆಯ ಕ್ಯಾಮೆರಾ ಆದರೂ ಎಂತ ಪ್ರಯೋಜನ?"

"ರವೆ?"

"ರವೆಯಲ್ಲೇ ಅಲ್ವಾ ನಾನು ಇಷ್ಟು ವರ್ಷ ಸಂಬಳ ತಗೊಂಡದ್ದು?"

ಸೇಠ್ ಕನ್ನಡ ಅರ್ಥವಾಗದಿದ್ದರೂ ನಕ್ಕ. ನೀಲಾಬಾಯಿಯ ಕ್ಯಾಮೆರಾಕ್ಕಿಂತ ಒಂದು ಹೆಜ್ಜೆ ಹೊಸದಾದ ಸೂಪರ್‌ಝೂಮ್ ಕಪ್ಪು ಡಬ್ಬಿಯಲ್ಲಿ ಬಂತು. ತಿಲಕ್ ಅಂಗಡಿಯಿಂದ ಸ್ಟೇಷನ್ನಿನವರೆಗೂ ಮುಖ ಊದಿಸಿಕೊಂಡೇ ಬಂದ. ವಿ.ಟಿ.ಯಲ್ಲಿ ಲೋಕಲ್ ಹತ್ತಿಸುವಾಗ ಮಾತ್ರ, "ಬ್ಯಾಟರಿ ಒಂದು ಎಕ್ಸ್‌ಟ್ರಾ ಇಟ್ಟುಕೊಳ್ಳಿ ಅತ್ತೆ, ಝೂಮ್ ಮಾಡಿದರೆ ಬೇಗ ಮುಗೀತದೆ," ಎಂದ.

ಚಿತ್ರ ಕಳಿಸಿದ ಹನ್ನೊಂದನೆಯ ದಿನ ಸಂಶೋಧಕರ ಉತ್ತರ ಬಂತು. ಸಿಆರ್‌ಎಲ್ ಎಂಬ ಹಕ್ಕಿಗೆ ಮೂರು ವರ್ಷದ ಹಿಂದೆ ಇದೇ ಖಾಡಿಯಲ್ಲಿ ಬಳೆ ತೊಡಿಸಿದ್ದರು, ಆಗ ಅದು ಇನ್ನೂ ಬೂದು ಬಣ್ಣದ ಎಳೆಯ ಹಕ್ಕಿ. ಆಮೇಲೆ ಒಮ್ಮೆ ಗುಜರಾತಿನ ಉಪ್ಪಿನ ಗದ್ದೆಯಲ್ಲಿ ಯಾರಿಗೋ ಕಂಡಿತ್ತು. ಅಲ್ಲಿಂದ ಈಚೆಗೆ ಸುದ್ದಿ ಇರಲಿಲ್ಲ, ಸತ್ತಿರಬಹುದೆಂದುಕೊಂಡಿದ್ದೆವು, ನಿಮ್ಮ ಚಿತ್ರಗಳಿಗೆ ತುಂಬ ಕೃತಜ್ಞರು ಎಂದು ಬರೆದಿದ್ದರು.

ವಿನೋದಿನಿ ಮರುದಿನ ಅದನ್ನು ಶರಣಬಸಪ್ಪನಿಗೆ ಕನ್ನಡದಲ್ಲಿ ಓದಿ ಹೇಳಿದರು. ಅವನು ಮೂರು ಸಲ ಓದಿಸಿದ.

"ಗುಜರಾತಿಗೆ ಹೋಗಿ ತಿರುಗಿ ಬಂದದ? ಇದೇ ಜಾಗಾಕ್ಕ? ಯಾರೂ ದಾರಿ ತೋರಸ್ಲಾರ್ದ?" ಗೋಡೆಯ ಬಳಿ ಹೋಗಿ ನಿಂತ. "ಮತ್ತ ಇವ್ರು ಸತ್ತದ ಅಂದ್ಕೊಂಡಿದ್ರಂತ! ನಾ ದಿನಾ ನೋಡ್ಲತ್ತೀನಿ, ನನಗ ಕೇಳಿದ್ರ ಹೇಳ್ತಿದ್ದೆ."

"ನಿನ್ನ ಹೆಸರೂ ಬರೆದು ಕಳಿಸಿದ್ದೇನೆ. ಮೊದಲು ನೋಡಿದ್ದು ಶರಣಬಸಪ್ಪ ಅಂತ."

ಶರಣಬಸಪ್ಪ ಗೋಡೆಯಿಂದ ಈಚೆ ತಿರುಗಿದ. ಟೋಪಿ ತೆಗೆದು ಮತ್ತೆ ಹಾಕಿಕೊಂಡ. ವಿನೋದಿನಿ ಹೊಸ ಕ್ಯಾಮೆರಾದ ದಾರವನ್ನು ತಮ್ಮ ಕುತ್ತಿಗೆಯಿಂದ ತೆಗೆದು ಅವನ ಕುತ್ತಿಗೆಗೆ ಹಾಕಿ, ಒತ್ತುವ ಗುಂಡಿ ಯಾವುದೆಂದು ತೋರಿಸಿದರು. ಅವನು ಮೊದಲು ರಿಫೈನರಿಯ ಚಿಮಣಿ ನೋಡಿದ, ಆಮೇಲೆ ಒಂದು ಕಾಗೆ, ಆಮೇಲೆ ಕ್ಯಾಮೆರಾವನ್ನು ದೋಣಿಯ ಬಲಕ್ಕೆ ತಂದು ನಿಲ್ಲಿಸಿದ.

"ಅಯ್ಯಯ್ಯ, ಕಣ್ಣು ಹಳದಿ ಅದರಿ ಇದರದು! ನನ್ನ ಕಡೇನೇ ನೋಡ್ಲತ್ತದ!"

ಹಿಂದೆ ರಸ್ತೆಯಲ್ಲಿ ಚೆಂಬೂರಿನ ಬಸ್ಸು ಬಂದು ನಿಂತು ಹಾರ್ನ್ ಹಾಕಿತು. ಶರಣಬಸಪ್ಪ ಕ್ಯಾಮೆರಾದಿಂದ ಕಣ್ಣು ತೆಗೆಯಲಿಲ್ಲ. ವಿನೋದಿನಿ ಕೈಬೀಸಿ ಬಸ್ಸನ್ನು ಹೋಗಲು ಹೇಳಿ, ಪ್ಲಾಸ್ಟಿಕ್ ಕುರ್ಚಿಯನ್ನು ನೆರಳಿಗೆ ಎಳೆದುಕೊಂಡು ಕೂತರು.